ಅಪ್ಪನ ಹುಲಿಯ, ಮಗನ ಕಿವಿ

ಈಚೆಗೆ ಬೆನ್ನುಬೆನ್ನಿಗೆ ಎರಡು ಕಾದಂಬರಿ ಓದಿದೆ. ಒಂದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಇನ್ನೊಂದು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಎರಡರಲ್ಲೂ ಅದೇ ಮಲೆನಾಡು, ಎರಡರಲ್ಲೂ ಒಂದೊಂದು ನಾಯಿ. ಅಪ್ಪನದರಲ್ಲಿ ಹುಲಿಯ, ಮಗನದರಲ್ಲಿ ಕಿವಿ. ಹೋಲಿಸದೆ ಓದೋದು ಹೇಗೆ ಹೇಳಿ? ಎರಡರ ಕೊನೆಯನ್ನೂ ಇಲ್ಲಿ ಬಾಯಿಬಿಡುತ್ತೇನೆ, ಓದಿಲ್ಲದವರು ಎಚ್ಚರ.

‘ಕರ್ವಾಲೊ’ ಎರಡೇ ಸಂಜೆಗೆ ಮುಗಿಯಿತು. ಮೂಡಿಗೆರೆಯ ಜೇನು ಸೊಸೈಟಿಗೆ ಹೋದ ಮಾತಿನಿಂದ ಶುರು. ‘ನಾನು’ ಅಂತ ಕಥೆ ಹೇಳುವ ಆಸಾಮಿ ಪಕ್ಕದಲ್ಲೇ ಕೂತು ಹರಟುತ್ತಿದ್ದಾನೆ ಅನ್ನಿಸುತ್ತೆ. ಜೇನು, ಮಂದಣ್ಣನ ಮದುವೆ, ಕಳ್ಳಬಟ್ಟಿ ಕೇಸು. ಇದೆಲ್ಲ ಎಲ್ಲಿಗೆ ಹೋಗ್ತಿದೆ ಅಂದುಕೊಳ್ಳುವಷ್ಟರಲ್ಲಿ ಹಾರುವ ಓತಿ ಒಳಗೆ ಬಂದುಬಿಡುತ್ತದೆ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊಗೆ ಮಾತ್ರ ಅವನು ಹುಟ್ಟಾ ಪ್ರಕೃತಿ ಬಲ್ಲವ. ಅವನಿಗೋ, ಒಂದು ಜವಾನನ ಕೆಲಸ ಸಿಕ್ಕರೆ ಸಾಕು! ಓದುತ್ತಾ ನಕ್ಕೆ, ಆಮೇಲೆ ಯಾಕೋ ಹೊಟ್ಟೆ ಚುರ್ ಅಂದಿತು. ನನ್ನದೊಂದು ತಕರಾರೂ ಇದೆ. ಅವನ ಹೆಂಡತಿ ರಾಮಿಗೆ ಜಾಗ ತೀರಾ ಕಮ್ಮಿ. ಮದುವೆ ಗದ್ದಲದ ಆಚೆಗೆ ಆ ಹುಡುಗಿ ಏನು ಯೋಚಿಸುತ್ತಿದ್ದಳು ಅನ್ನೋದು ಕೊನೆಗೂ ಗೊತ್ತಾಗಲಿಲ್ಲ.

‘ಮದುಮಗಳು’ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಹಿಂದೊಮ್ಮೆ ಹಿಡಿದು, ಹೆಸರುಗಳ ಸಂತೆಯಲ್ಲಿ ಕಳೆದುಹೋಗಿ, ಕಪಾಟಿಗೆ ವಾಪಸ್ ಇಟ್ಟಿದ್ದೆ. ಈ ಸಲ ಒಂದು ಹಾಳೆ ತಗೊಂಡೆ. ಎಡಕ್ಕೆ ಊರು: ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಬಲಕ್ಕೆ ಅಲ್ಲಲ್ಲಿಯ ಜನ. ನೂರು ಪುಟ ದಾಟಿದ ಮೇಲೆ ಹಾಳೆ ಎಲ್ಲಿಟ್ಟೆನೋ ನೆನಪಿಲ್ಲ, ಬೇಕೂ ಆಗಲಿಲ್ಲ. ಯಾರೂ ಇಲ್ಲಿ ನಾಯಕ ಅಲ್ಲ. ಗೌಡರ ಮನೆಯ ಜಗಳಕ್ಕೆ ಸಿಗುವಷ್ಟೇ ಪುಟ ಹುಲಿಯನನ್ನು ಸಾಕಿದ ಜೀತದಾಳು ಗುತ್ತಿ ಮತ್ತು ಅವನು ಮೆಚ್ಚಿದ ಹುಡುಗಿ ತಿಮ್ಮಿಯ ಓಟಕ್ಕೂ ಸಿಗುತ್ತದೆ. ತೇಜಸ್ವಿಯಲ್ಲಿ ನನಗೆ ಸಾಲದೆ ಹೋದದ್ದು ಇಲ್ಲಿ ಧಾರಾಳ. ಒಲ್ಲದ ಮದುವೆ ತಪ್ಪಿಸಿಕೊಂಡು ಕತ್ತಲ ಕಾಡಿಗೆ ಇಳಿಯುವ ಚಿನ್ನಮ್ಮನ ಜೊತೆ ನಾನೂ ಉಸಿರು ಬಿಗಿಹಿಡಿದು ನಡೆದೆ. ಗಂಭೀರ ಪುಸ್ತಕ ಅಂತ ಹೆದರಿಸುತ್ತಾರಲ್ಲ, ಸುಮ್ನೆ. ಬೈಸಿಕಲ್ಲು ಜನರ ಬಾಯಲ್ಲಿ ‘ಬೀಸೆಕಲ್ಲು’ ಆಗುವ ಕಡೆ ಬಿದ್ದುಬಿದ್ದು ನಕ್ಕಿದ್ದೇನೆ.

ಕಾಡಿನ ವಿಷಯಕ್ಕೆ ಬಂದರೆ ಅಪ್ಪ ಮಗನ ದಾರಿ ಬೇರೆ. ಮಗನಿಗೆ ಕಾಡು ಒಂದು ಒಗಟು. ಬಗ್ಗಿ, ಕಣ್ಣರಳಿಸಿ, ತಮಾಷೆ ಮಾಡುತ್ತಾ ಬಿಡಿಸಬೇಕು. ಅಪ್ಪನ ಕಾಡಿನಲ್ಲಿ ಮಳೆ, ಕತ್ತಲೆ, ದಾರಿ ತಪ್ಪುವ ಭಯ. ಅಲ್ಲಿ ಜನ ಬದುಕುವುದೂ ಅದರೊಳಗೇ. ಯಾವುದು ಜಾಸ್ತಿ ಇಷ್ಟ ಅಂದರೆ ಅಪ್ಪನ ಕಾಡು. ಆದರೆ ಈಚೆಗೆ ಓದುವ ಅಭ್ಯಾಸವೇ ತಪ್ಪಿದವರಿಗೆ ನಾನು ಕೈಗಿಡುವುದು ‘ಕರ್ವಾಲೊ’ವನ್ನೇ.

ಇನ್ನು ಕೊನೆ. ‘ಕರ್ವಾಲೊ’ದಲ್ಲಿ ಅಷ್ಟೆಲ್ಲ ಪಾಡುಪಟ್ಟು ಹುಡುಕಿದ ಓತಿ ಕಣ್ಣೆದುರೇ ಕಣಿವೆಗೆ ತೇಲಿಹೋಗುತ್ತದೆ. ಕೈ ಖಾಲಿ. ಆದರೂ ಓದುವವರಿಗೆ ಎಂಥದೋ ಖುಷಿ, ಅಲ್ವಾ? ಕೊನೆಯ ಹಾಳೆಗಳ ಕಸುಬಿನಲ್ಲಿ ಮಗನೇ ಒಂದು ಕೈ ಮೇಲು ಅಂತ ನಾನು ತೀರ್ಮಾನಿಸಿಯೇಬಿಟ್ಟಿದ್ದೆ, ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋಗುವ ತನಕ. ಅಷ್ಟು ದಪ್ಪ ಪುಸ್ತಕದುದ್ದಕ್ಕೂ ಎಷ್ಟೋ ಜನರ ಕಷ್ಟ ಓದಿದರೂ ಅಳದವನು ಒಂದು ನಾಯಿಗಾಗಿ ಅತ್ತೆ. ಮುಚ್ಚಿಡಲು ಮನಸ್ಸಾಗದೆ ಮೊದಲ ಪುಟಗಳಿಗೆ ತಿರುಗಿಸಿದೆ. ಅಲ್ಲಿ ಹುಲಿಯ ಇನ್ನೂ ಗುತ್ತಿಯ ಜೊತೆಗಿತ್ತು.