ಆನೆ ತಲೆ ಎಲ್ಲಿ ಹೋಯ್ತು? ಮಕ್ಕಳ ಕೌದಿಗೆ ದೊಡ್ಡ ಪ್ರಿಂಟಿನ ಬಟ್ಟೆ ತರೋರು ಸ್ವಲ್ಪ ನಿಲ್ಲಿ

ಮಗುವಿಗೆ ಕೌದಿ ಹೊಲಿಯೋಕೆ ಅಂತ ದೊಡ್ಡ ದೊಡ್ಡ ಪ್ರಾಣಿ, ಕಾರು, ರೈಲು ಇರೋ ಬಟ್ಟೆ ತಂದಿಟ್ಟುಕೊಂಡಿದ್ದೀರಾ? ಕತ್ತರಿ ಪಕ್ಕಕ್ಕಿಟ್ಟು ಇದನ್ನು ಓದಿ. ಒಂದೂವರೆ ಮೀಟರ್ ಚಂದದ ಬಟ್ಟೆ ಮತ್ತು ಮೂರು ವಾರದ ರಾತ್ರಿ ನಿದ್ದೆ, ಎರಡನ್ನೂ ನಾನು ಕಳೆದುಕೊಂಡಿದ್ದೇನೆ.

ತಮ್ಮನ ಮಗನಿಗೆ ನಾಲ್ಕು ತುಂಬುತ್ತಿತ್ತು. ಹುಟ್ಟುಹಬ್ಬಕ್ಕೆ ಪ್ಲಾಸ್ಟಿಕ್ ಆಟದ ಸಾಮಾನು ಬೇಡ, ನನ್ನ ಕೈಯಾರೆ ಕೌದಿ ಹೊಲಿದು ಕೊಡೋಣ ಅನ್ನಿಸಿತು. ನಮ್ಮ ಮನೆಗೆ ಕೌದಿ ಹೊಸದಲ್ಲ. ಅವ್ವ ಹಳೇ ಸೀರೆಗಳನ್ನು ಪಡಸಾಲೆಯಲ್ಲಿ ಪದರ ಪದರವಾಗಿ ಹಾಸಿ, ಅದರ ಮೇಲೆಯೇ ಕೂತು ಹೊಲಿಯುತ್ತಿದ್ದಳು. ನನಗೂ ಹೊಲಿಗೆ ಬರುತ್ತದೆ. ಬರುತ್ತದೆ ಅನ್ನೋ ಸೊಕ್ಕೇ ಕೆಡಿಸಿದ್ದು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಆ ಬಟ್ಟೆ ಕಣ್ಣಿಗೆ ಬಿತ್ತು. ಕಡು ಹಸಿರು ಕಾಡು. ಅದರಲ್ಲಿ ಕನ್ನಡಕ ಹಾಕಿಕೊಂಡ ಆನೆ, ಕೊಡೆ ಹಿಡಿದ ಸಿಂಹ, ಮಫ್ಲರ್ ಸುತ್ತಿಕೊಂಡ ಜಿರಾಫೆ. ಆನೆ ಒಂದು ಗೇಣಿಗಿಂತ ಎತ್ತರ, ಅಂದರೆ ಹತ್ತಿಂಚು. ಥಾನು ಬಿಚ್ಚಿ ಕೌಂಟರ್ ಮೇಲೆ ಹರವಿದಾಗ ಮಗು ನಾನೇ ಆಗಿಬಿಟ್ಟೆ.

"ಎಷ್ಟ ಪನ್ನ ಐತ್ರಿ?" ಅಂದೆ. ಪನ್ನ ಅಂದರೆ ಬಟ್ಟೆಯ ಅಗಲ, ಇಂಚಿನಲ್ಲಿ.

"ನಲ್ವತ್ನಾಕರೀ ಅಕ್ಕಾರ. ಪ್ಯೂರ್ ಕಾಟನ್ ಐತಿ. ಬಣ್ಣ ಹೋದ್ರ ನನ್ನ ಕೇಳ್ರಿ."

ಮೀಟರಿಗೆ 220 ರೂಪಾಯಿ. ಒಂದೂವರೆ ಮೀಟರ್ ಹರಿಸಿದೆ. ಜೋಡಿಗೆ ಸಾದಾ ಹಳದಿ, ಅಂಚಿಗೆ ಕೆಂಪು.

ಆರಿಂಚಿನ ಚೌಕ ಕತ್ತರಿಸೋದು, ಒಂದು ಪ್ರಾಣಿ, ಒಂದು ಹಳದಿ, ಹೀಗೆ ಚದುರಂಗದ ಹಾಸಿನಂತೆ ಜೋಡಿಸೋದು ನನ್ನ ಲೆಕ್ಕ. ಅಡ್ಡಕ್ಕೆ ಎಂಟು, ಉದ್ದಕ್ಕೆ ಹನ್ನೆರಡು, ಒಟ್ಟು 96. ಅದರಲ್ಲಿ ಅರ್ಧ, ಅಂದರೆ 48, ಪ್ರಾಣಿಯ ಬಟ್ಟೆ. ಸುತ್ತ ಕಾಲಿಂಚು ಹೊಲಿಗೆಗೆ ಹೋದರೆ ಐದೂವರೆ ಇಂಚಿನ ಚೌಕ ಉಳಿಯುತ್ತದೆ. ಕೌದಿ 44ಕ್ಕೆ 66 ಇಂಚು, ಅದರ ಸುತ್ತ ಅಂಚು. ಲೆಕ್ಕ ಸರಿಯಾಗಿಯೇ ಇತ್ತು. ಹತ್ತಿಂಚಿನ ಆನೆ ಐದೂವರೆ ಇಂಚಿನ ಚೌಕದಲ್ಲಿ ಹೇಗೆ ಕೂರುತ್ತದೆ ಅನ್ನೋದೊಂದು ಬಿಟ್ಟು!

ಬಟ್ಟೆಯನ್ನು ನಾಲ್ಕು ಮಡಿಕೆ ಹಾಕಿ, ಸ್ಕೇಲ್ ಇಟ್ಟು, ಸೀದಾ ಏಳು ಪಟ್ಟಿ ಹೊಡೆದೆ. ಒಂದೊಂದು ಪಟ್ಟಿಯಿಂದ ಏಳು ಚೌಕ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮಡಿಕೆಯ ಒಳಗೆ ಏನು ತುಂಡಾಗುತ್ತಿದೆ ಅಂತ ಬಿಚ್ಚಿ ನೋಡಲೇ ಇಲ್ಲ. ಸಣ್ಣ ಹೂವಿನ ಬಟ್ಟೆ ಕತ್ತರಿಸಿ ಅಭ್ಯಾಸವಾದ ಕೈ ನೋಡಿ, ಅದಕ್ಕೆ ಎಲ್ಲ ಬಟ್ಟೆಯೂ ಒಂದೇ.

ನೆಲದ ಮೇಲೆ ಜೋಡಿಸಿದಾಗ ಮೊದಲ ಸಲ ಹೊಟ್ಟೆಯಲ್ಲಿ ಕಸಿವಿಸಿ ಆಯಿತು. ಒಂದು ಚೌಕದಲ್ಲಿ ಬರೀ ಕಿವಿ. ಇನ್ನೊಂದರಲ್ಲಿ ಕನ್ನಡಕದ ಒಂದೇ ಗಾಜು, ಅದರ ಹಿಂದೆ ಒಂಟಿ ಕಣ್ಣು. ಮಫ್ಲರ್ ಸುತ್ತಿದ ಕತ್ತು ಇದೆ, ಮೇಲೆ ತಲೆ ಇಲ್ಲ. ಆರೇಳು ಚೌಕಗಳಲ್ಲಿ ಹಸಿರು ಬಿಟ್ಟು ಏನೂ ಇಲ್ಲ. ಆದರೂ 'ಎಲ್ಲ ಸೇರಿದ ಮೇಲೆ ಚಂದ ಕಾಣುತ್ತೆ' ಅಂತ ನನಗೆ ನಾನೇ ಹೇಳಿಕೊಂಡು ಹೊಲಿದೆ. ಈ ಮಾತು ನಿಮ್ಮ ಬಾಯಲ್ಲಿ ಬಂದರೆ ಅಲ್ಲಿಗೇ ಸೂಜಿ ಕೆಳಗಿಡಿ.

ಅವ್ವ ನೋಡಿದವಳೇ ಅಂದಳು: "ಏನವಾ ಇದು, ಕೌದಿ ಹೊಲದೀಯೋ ಕಟಗರ ಅಂಗಡಿ ಹಚ್ಚೀಯೋ?"

ನಗು ಬಂತು, ಸಿಟ್ಟೂ ಬಂತು. ಕೊಟ್ಟ ದಿನ ಹುಡುಗ ಕೌದಿ ಬಿಡಿಸಿ, ಮೇಲೆ ಕೂತು, ಬೆರಳಿಟ್ಟು ಒಂದೊಂದೇ ಚೌಕ ನೋಡುತ್ತಾ ಹೋದ. ಕೊನೆಗೆ ನನ್ನ ಮುಖ ನೋಡಿದ. "ಅತ್ತೀ, ಆನಿ ತಲಿ ಎಲ್ಲಿ ಐತಿ?" ಆಮೇಲೆ ಕೌದಿಯನ್ನು ಮಗುಚಿ ಹಿಂದೆ ಇದೆಯಾ ಅಂತ ಹುಡುಕಿದ. ರಾತ್ರಿ ಅದನ್ನು ಹೊದ್ದುಕೊಳ್ಳೋಕೆ ಒಪ್ಪಲಿಲ್ಲ. ಆ ಒಂಟಿ ಕಣ್ಣು ನೋಡ್ತಾ ಇರುತ್ತಂತೆ. ತಮ್ಮ "ಬಿಡಕ್ಕಾ, ಸಣ್ಣ ಹುಡುಗ" ಅಂದ. ಸಣ್ಣ ಹುಡುಗನಿಗೇ ತಾನೇ ನಾನು ಹೊಲಿದದ್ದು?

ಆಮೇಲೆ ಕೂತು ಯೋಚಿಸಿದೆ. ಅವ್ವನ ಕೌದಿಯಲ್ಲಿ ಚೂರುಗಳೇ ತುಂಬಿದ್ದರೂ ಯಾಕೆ ಚಂದ? ಇಳಕಲ್ ಸೀರೆಯ ತೋಪ್ ತೆನೆ ಸೆರಗನ್ನು ಎಲ್ಲಿ ಕತ್ತರಿಸಿದರೂ ಅದು ಸೆರಗೇ. ಚೌಕಳಿಯ ಚೂರು ಚೌಕಳಿಯೇ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ, ಅವರ ಮಾತಲ್ಲಿ ಕವಂದಿ, ನೋಡಿದ್ದೀರಾ? ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೈಗೆ ಸಿಕ್ಕ ಚೂರು ಹಚ್ಚುತ್ತಾ ಹೋಗುತ್ತಾರೆ, ನಾಲ್ಕು ಮೂಲೆಗೆ ಪದರ ಪದರದ ತ್ರಿಕೋನ ಇಟ್ಟು ಅದನ್ನು 'ಫೂಲ', ಅಂದರೆ ಹೂವು, ಅನ್ನುತ್ತಾರೆ. ಅಲ್ಲಿ ಚೂರು ಅನ್ನೋದು ಬರೀ ಬಣ್ಣ. ನನ್ನ ಚೂರಿನಲ್ಲಿ ಮುಖ ಇತ್ತು. ದೊಡ್ಡ ದಾಸವಾಳ, ದೊಡ್ಡ ಎಲೆ, ಮೋಡ ಇರೋ ಬಟ್ಟೆ ಆಗಿದ್ದರೆ ಆರಿಂಚಿಗೆ ಕತ್ತರಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅರ್ಧ ದಾಸವಾಳ ನೋಡಿ ಯಾವ ಮಗುವೂ ಅಳಲ್ಲ. ಅರ್ಧ ಸಿಂಹ ಬೇರೆ ಮಾತು.

ಕತ್ತರಿಸೋ ಮೊದಲು ಮಾಡಬೇಕಾಗಿದ್ದದ್ದು ಇಷ್ಟೇ. ಒಂದು ರಟ್ಟು ತಗೊಳ್ಳಿ, ಮದುವೆ ಕಾರ್ಡ್ ಆದರೂ ಸಾಕು. ಮುಗಿದ ಚೌಕ ಎಷ್ಟಿರಬೇಕೋ ಅಷ್ಟು ಕಿಟಕಿ ಅದರಲ್ಲಿ ಕೊರೆಯಿರಿ. ಕತ್ತರಿಸೋ ಅಳತೆ ಅಲ್ಲ, ಹೊಲಿಗೆ ಹೋದ ಮೇಲೆ ಕಾಣೋ ಅಳತೆ. ಆ ಕಿಟಕಿಯನ್ನು ಬಟ್ಟೆ ಮೇಲೆ ಜಾರಿಸುತ್ತಾ ಹೋಗಿ. ಒಳಗೆ ಪೂರ್ತಿ ಮುಖ ಬಂದರೆ ಸರಿ, ಬರದಿದ್ದರೆ ಚೌಕ ದೊಡ್ಡದು ಮಾಡಿ. ಮಾಡಿದ್ದರೆ ನನಗೆ ಎರಡು ನಿಮಿಷದ ಕೆಲಸ ಆಗುತ್ತಿತ್ತು.

ಚೌಕ ದೊಡ್ಡದಾದರೆ ಇನ್ನೊಂದು ಗುಂಡಿ ಇದೆ. ಬಟ್ಟೆಯಲ್ಲಿ ಅದೇ ಡಿಸೈನ್ ಎಷ್ಟು ಇಂಚಿಗೆ ಮತ್ತೆ ಬರುತ್ತದೆ ಅಂತ ಟೇಪ್ ಹಿಡಿದು ನೋಡಿ. ನನ್ನದು 24 ಇಂಚಿಗೊಮ್ಮೆ ಬರುತ್ತಿತ್ತು, ಒಂದು ಸಲಕ್ಕೆ ಎರಡೇ ಆನೆ. ಒಂದೂವರೆ ಮೀಟರ್ ಅಂದರೆ 59 ಇಂಚು, ಪೂರ್ತಿ ಡಿಸೈನ್ ಎರಡೇ ಸಲ, ನಾಲ್ಕು ಆನೆ. ಅಷ್ಟಕ್ಕೂ ಮುಗಿಯಲಿಲ್ಲ. ಸಿಂಹದ ಕೊಡೆ ಆನೆಯ ಬೆನ್ನ ಮೇಲೆ ಬಂದಿತ್ತು. ಆನೆಯ ಸುತ್ತ ಹನ್ನೆರಡು ಇಂಚಿನ ಚೌಕ ಕತ್ತರಿಸಿದರೆ ಸಿಂಹದ ತಲೆ ಹೋಯಿತು. ಒಂದನ್ನು ಉಳಿಸಿದರೆ ಇನ್ನೊಂದು ಸತ್ತಂತೆ. ಅದಕ್ಕೇ ಇಂಥ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳಬೇಡಿ, ತಲೆ ಎಣಿಸಿ ಕೊಳ್ಳಿ. ಅಂಗಡಿಯವರು ಮುಖ ಕಿವುಚುತ್ತಾರೆ, ಕಿವುಚಲಿ.

ನನ್ನ ಕಷ್ಟ ಕತ್ತರಿಗೇ ನಿಲ್ಲಲಿಲ್ಲ. ಮೊದಲ ಒಗೆತಕ್ಕೇ ಕೆಂಪು ಅಂಚು ಬಣ್ಣ ಬಿಟ್ಟು ಹಳದಿ ಚೌಕಗಳಲ್ಲಿ ಕಲೆ ಕಲೆ ಆಯಿತು. ಬೂದು ಆನೆಯ ಚೂರುಗಳು ಗುಲಾಬಿ ಆದವು. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತಾರಲ್ಲ, ನೆನೆಸಿಯೂ ನೋಡಿದೆ, ನಿಲ್ಲಲಿಲ್ಲ. ಕತ್ತರಿಸೋ ಮೊದಲೇ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿದ್ದರೆ ಗೊತ್ತಾಗುತ್ತಿತ್ತು. ಬಣ್ಣ ಹೋದರೆ ಕೇಳಿ ಅಂದಿದ್ದ ಪುಣ್ಯಾತ್ಮನ ಹತ್ತಿರ ಹೋಗಿ ಕೇಳಿದೆ. "ಕೆಂಪ ಬಟ್ಟಿಗೆ ನಾ ಹೇಳಿಲ್ರೀ ಅಕ್ಕಾರ" ಅಂದ. ಅವನು ಹೇಳಿದ್ದೂ ನಿಜವೇ.

'ಪ್ಯೂರ್ ಕಾಟನ್' ಕತೆ ಇನ್ನೂ ಬೇರೆ. ಇಸ್ತ್ರಿ ಮಾಡುವಾಗ ಜಿರಾಫೆಯ ಕಾಲು ಇಸ್ತ್ರಿಗೆ ಅಂಟಿಕೊಂಡು ಬಂತು. ಅನುಮಾನ ಬಂದು ಒಂದು ಎಳೆ ಎಳೆದು ಒಲೆಗೆ ಹಿಡಿದೆ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಇದು ಸುರುಟಿ, ತುದಿಗೆ ಗಟ್ಟಿ ಮಣಿಯಂತೆ ಕೂತಿತು. ಪಾಲಿಯೆಸ್ಟರ್ ಮಿಕ್ಸ್. ಇಂಥದ್ದು ಹೊದಿಸಿದರೆ ಮಕ್ಕಳು ಬೆವರಿ ರಾತ್ರಿಯೆಲ್ಲ ಒದ್ದು ಹಾಕುತ್ತವೆ.

ಹೊಲಿಗೆಯಲ್ಲೂ ತಪ್ಪಿದೆ. ಅಭ್ಯಾಸಬಲದಿಂದ ಬೆರಳಗಲಕ್ಕೊಂದು ಸಾಲಿನಂತೆ ಬಿಳಿ ದಾರದಲ್ಲಿ ಉದ್ದಕ್ಕೂ ಹೊಲಿದೆ. ಉಳಿದಿದ್ದ ಅಷ್ಟಿಷ್ಟು ಮುಖಗಳ ಮೇಲೂ ಗೆರೆ ಬಿದ್ದು ಎಲ್ಲ ಮುದುಕರಂತಾದವು. ಒಂಟಿ ಕಣ್ಣಿನ ಸಿಂಹಕ್ಕೆ ಇನ್ನೊಂದು ಕಣ್ಣಾಗಲಿ ಅಂತ ಗುಂಡಿ ಬೇರೆ ಹಚ್ಚಿದ್ದೆ. ಮೂರನೇ ದಿನ ಅದು ಹುಡುಗನ ಬಾಯಲ್ಲಿ ಸಿಕ್ಕಿತು. ಚಿಕ್ಕ ಮಕ್ಕಳ ಕೌದಿಗೆ ಗುಂಡಿ, ಮಣಿ, ಮಿಂಚು ಯಾವುದೂ ಬೇಡ, ಇದರಲ್ಲಿ ಎರಡು ಮಾತಿಲ್ಲ. ಒಂದು ವರ್ಷದೊಳಗಿನ ಕೂಸಾದರೆ ಮಲಗುವಾಗ ಸಡಿಲ ಹೊದಿಕೆಯೇ ಬೇಡ ಅನ್ನುತ್ತಾರೆ ಮಕ್ಕಳ ಡಾಕ್ಟರು. ಅಂಥ ಕೂಸಿಗೆ ಹೊಲಿದರೆ ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರು ನೆಲಕ್ಕೆ ಹಾಸಿ ಆಡಿಸೋಕೆ ಹೊಲಿಯಿರಿ.

ದೀಪಾವಳಿ ಆದ ಮೇಲೆ ಇನ್ನೊಂದು ಹೊಲಿದೆ. ಆ ಕಾಡಿನ ಡಿಸೈನ್ ಮುಗಿದುಹೋಗಿತ್ತು, ರೈಲಿನದು ಸಿಕ್ಕಿತು. ಈ ಸಲ ಎಂಜಿನ್ನು, ಮೂರು ಡಬ್ಬಿ ಸೇರಿ ಒಂದೇ ತುಂಡು ನಡುವೆ ಇಟ್ಟೆ, 30 ಇಂಚು ಅಗಲ. ಸುತ್ತ ಅವ್ವನ ಹಳೇ ಸೀರೆಯ ಸಣ್ಣ ಪಟ್ಟಿಗಳು. ನಡುವಿನಲ್ಲಿ ಸಾಲು ಹೊಲಿಗೆ ಹಾಕದೆ ಎಂಜಿನ್ನಿನ ಅಂಚು ಹಿಡಿದು ಅದೇ ಬಣ್ಣದ ದಾರದಲ್ಲಿ ಹೊಲಿದೆ. ಕೆಲಸ ಅರ್ಧಕ್ಕರ್ಧ ಕಡಿಮೆ. ಇಷ್ಟೂ ತಲೆನೋವು ಬೇಡ ಅನ್ನೋರು ದೊಡ್ಡ ಪ್ರಿಂಟನ್ನು ಕತ್ತರಿಸದೆ ಇಡೀ ಹಿಂಬದಿಗೆ ಹಾಕಿ, ಮುಂದೆ ಸಾದಾ ಚೂರು ಜೋಡಿಸಿ. ಮಕ್ಕಳು ತಾವಾಗಿಯೇ ಹಿಂಬದಿ ಮೇಲೆ ಮಾಡಿಕೊಂಡು ಹೊದೆಯುತ್ತಾರೆ.

ಇದರಲ್ಲೂ ಒಂದು ಎಡವಟ್ಟು ಮಾಡಿದೆ. ಮಂಚದ ಕಾಲ ಬದಿ ನಿಂತು ನೋಡಿದರೆ ರೈಲು ಸರಿಯಾಗಿ ಕಾಣೋ ಹಾಗೆ ಹೊಲಿದಿದ್ದೆ. ಹೊದ್ದು ಮಲಗಿದವನಿಗೆ ಅದು ತಲೆಕೆಳಗು. ಕೌದಿ ನೋಡೋದು ನಿಂತವರೋ, ಹೊದ್ದವರೋ? ಹುಡುಗ ಮೊದಲ ರಾತ್ರಿಯೇ ಉತ್ತರ ಕೊಟ್ಟ. ದಿಂಬನ್ನು ಎತ್ತಿಕೊಂಡು ಹೋಗಿ ಕಾಲ ಬದಿ ಹಾಕಿಕೊಂಡು ಮಲಗಿದ. ಈಗಲೂ ಹಾಗೇ ಮಲಗುತ್ತಾನೆ.

ಮೊದಲಿನ ಕೌದಿಯನ್ನು ಅವ್ವ ಇಸ್ತ್ರಿ ಮಾಡೋ ಮೇಜಿಗೆ ಹಾಸಿಕೊಂಡಿದ್ದಾಳೆ. ಆ ಬಟ್ಟೆಯಲ್ಲಿ ಹದಿನೇಳು ಇಂಚು ಉಳಿದಿದೆ. ಅದರಲ್ಲಿ ಒಂದು ಸಿಂಹ ಕೊಡೆ ಸಮೇತ ಪೂರ್ತಿ ಇದೆ. ಅದಕ್ಕೆ ಇನ್ನೂ ಕತ್ತರಿ ಮುಟ್ಟಿಸಿಲ್ಲ.