ಮರ್ಫಿ ಅಂದ್ರೆ ರೇಡಿಯೋ ಅಂದುಕೊಂಡಿದ್ದೆವು

1992ರ ಮೇ ತಿಂಗಳು. ಬಳ್ಳಾರಿಯ ಒಂದು ಸಣ್ಣ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತಿದ್ದೆ. ಫ್ಯಾನು ಇದ್ದ ಬಿಸಿಗಾಳಿಯನ್ನೇ ತಿರುಗಿಸಿ ಮುಖಕ್ಕೆ ಹೊಡೆಯುತ್ತಿತ್ತು. ಸುದ್ದಿ ಸಂಸ್ಥೆಯಿಂದ ನಾಲ್ಕು ಸಾಲು ಬಂತು. ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್, ಗಂಡನಿಲ್ಲದೆ ಮಗು ಹೆತ್ತ ಮರ್ಫಿ ಬ್ರೌನ್ ಎಂಬಾಕೆಯನ್ನು ಭಾಷಣದಲ್ಲಿ ಟೀಕಿಸಿದ್ದಾರೆ ಅಂತ. ಓದಿ ಹೇಳಿದೆ. ಪಕ್ಕದ ಕುರ್ಚಿಯ ಹಿರಿಯರು ಕನ್ನಡಕ ಇಳಿಸಿ, "ಮರ್ಫಿ ಅಂದ್ರ ರೇಡಿಯೋ ಅಲ್ಲೇನವಾ? ಅದ್ಯಾವಾಗ ಹಡೀತು?" ಅಂದರು. ಡೆಸ್ಕಿಗೆ ಡೆಸ್ಕೇ ನಕ್ಕಿತು. ಸುದ್ದಿ ಬುಟ್ಟಿಗೆ ಹೋಯಿತು.

ಮರ್ಫಿ ಬ್ರೌನ್ ಟೀವಿ ಹಾಸ್ಯ ಧಾರಾವಾಹಿಯ ಪಾತ್ರ ಅಂತ ಗೊತ್ತಾದದ್ದು ಆಮೇಲೆ. ಕೆಲಸ ಅವಳದೂ ನನ್ನದೇ, ಪತ್ರಕರ್ತೆ. ಅಷ್ಟು ದೊಡ್ಡ ಮನುಷ್ಯ ಇಲ್ಲದ ಹೆಂಗಸಿನ ಮೇಲೆ ಜಗಳಕ್ಕೆ ಹೋಗಬೇಕಾದರೆ ಅವಳು ಏನು ಮಾಡಿರಬೇಕು? ನೋಡಬೇಕು ಅಂತ ಆಗಲೇ ಅನ್ನಿಸಿತ್ತು. ನೋಡಲಿಕ್ಕೆ ಇಷ್ಟು ವರ್ಷ ಬೇಕಾಯ್ತು.

ಅಕ್ಕನ ಮಗ ಅಮೆರಿಕದಿಂದ ಬರುವಾಗ ಡಿವಿಡಿ ಸೆಟ್ ತಂದ. ಮೊದಲ ಸೀಸನ್, 22 ಕಂತು. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. "ಚಿಕ್ಕಮ್ಮ, ಇದು ನಿಮಗೇ ಮಾಡಿದ್ದು" ಅಂದ. ನನ್ನ ಬಾಯಿಗೆ ಹೆದರಿ ಬೆಳೆದ ಹುಡುಗ, ಹಾಗೇ ಅಂತಾನೆ.

ತಂದ ದಿನವೇ ಹಾಕಿದರೆ ಓಡಲಿಲ್ಲ. ಪರದೆಯ ಮೇಲೆ ರೀಜನ್ ತಪ್ಪು ಅಂತ ಬಂತು. ರೀಜನ್ ಅಂದರೆ ಯಾವ ಭಾಗದ ದೇಶಗಳ ಪ್ಲೇಯರಿನಲ್ಲಿ ಡಿಸ್ಕ್ ಓಡಬೇಕು ಅಂತ ಹಾಕಿದ ನಂಬರಿನ ಬೀಗ. ಅಮೆರಿಕದ ಡಿಸ್ಕ್ ರೀಜನ್ 1, ನಮ್ಮ ದೇಶದ ಪ್ಲೇಯರ್ ರೀಜನ್ 5. ಕೊಳ್ಳುವವರು ಇದನ್ನು ಮೊದಲೇ ತಿಳಿದುಕೊಳ್ಳಿ. ನಾನು ಪ್ಲೇಯರನ್ನು ಟವೆಲಿನಲ್ಲಿ ಸುತ್ತಿಕೊಂಡು ಬ್ರೂಸ್‌ಪೇಟೆ ಕಡೆಯ ರಿಪೇರಿ ಹುಡುಗನ ಹತ್ತಿರ ಹೋದೆ. ಅವನು ಸ್ಕ್ರೂ ಕೂಡ ಬಿಚ್ಚಲಿಲ್ಲ. ರಿಮೋಟಿನಲ್ಲಿ ಏನೋ ನಾಲ್ಕೈದು ಅಂಕಿ ಒತ್ತಿದ, ಐವತ್ತು ರೂಪಾಯಿ ಇಸ್ಕೊಂಡ. ಅಂದಿನಿಂದ ಯಾವ ದೇಶದ್ದು ಹಾಕಿದರೂ ಓಡುತ್ತೆ.

ಈಗ ಧಾರಾವಾಹಿಗೆ ಬರ್ತೀನಿ. ಡಯೇನ್ ಇಂಗ್ಲಿಷ್ ಎಂಬ ಬರಹಗಾರ್ತಿ ಸೃಷ್ಟಿಸಿದ್ದು. 1988ರ ನವೆಂಬರಿನಲ್ಲಿ ಸಿಬಿಎಸ್ ಚಾನಲ್ಲಿನಲ್ಲಿ ಶುರುವಾಗಿ 1998ರವರೆಗೆ ಹತ್ತು ಸೀಸನ್ ಓಡಿತು. ವಾಷಿಂಗ್ಟನ್ನಿನ 'ಎಫ್‌ವೈಐ' ಎಂಬ ಟೀವಿ ಸುದ್ದಿ ಕಾರ್ಯಕ್ರಮದ ಕಚೇರಿಯಲ್ಲೇ ಜಾಸ್ತಿ ಕತೆ ನಡೆಯೋದು. ಮೊದಲ ಕಂತಿನಲ್ಲೇ ಮರ್ಫಿ ಕುಡಿತ ಬಿಡಿಸುವ ಕೇಂದ್ರದಿಂದ ಕೆಲಸಕ್ಕೆ ವಾಪಸ್ ಬರುತ್ತಾಳೆ. ನಲವತ್ತರ ಹೆಂಗಸು. ಹೆಂಡ ಬಿಟ್ಟಿದ್ದಾಳೆ, ಸಿಗರೇಟೂ ಬಿಟ್ಟಿದ್ದಾಳೆ. ಸಿಟ್ಟು ಮಾತ್ರ ಬಿಟ್ಟಿಲ್ಲ. ಬಂದು ನೋಡಿದರೆ ಹೊಸ ಪ್ರೊಡ್ಯೂಸರ್ ಮೈಲ್ಸ್, ವಯಸ್ಸು ಇಪ್ಪತ್ತೈದು. ಅವಳ ಗೈರಿನಲ್ಲಿ ಜಾಗ ತುಂಬಲು ಬಂದವಳು ಕಾರ್ಕಿ, ಒಂದು ಕಾಲದ ಮಿಸ್ ಅಮೆರಿಕ. ಮರ್ಫಿ ಬಂದ ಮೇಲೂ ಅವಳು ಅಲ್ಲೇ ಉಳಿಯುತ್ತಾಳೆ.

ನನಗೆ ಇಡೀ ಸೀಸನ್ನಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಒಂದು ವಿಷಯ. ಮರ್ಫಿಯನ್ನು ಯಾರೂ ರಿಪೇರಿ ಮಾಡೋದಿಲ್ಲ. ನಮ್ಮ ಧಾರಾವಾಹಿಗಳಲ್ಲಿ ಜೋರು ಬಾಯಿಯ ಹೆಂಗಸು ಅಂದರೆ ಎರಡೇ ದಾರಿ. ಒಂದೋ ಅವಳು ಖಳನಾಯಕಿ, ಇಲ್ಲವೇ ಮದುವೆಯಾಗಿ, ಅತ್ತು, ಮೆತ್ತಗಾಗಿ ದೇವರ ಮುಂದೆ ದೀಪ ಹಚ್ಚುತ್ತಾಳೆ. ಇಲ್ಲಿ ಮರ್ಫಿ ಒಂದು ಕಂತಿನಲ್ಲಿ ತಪ್ಪು ಮಾಡ್ತಾಳೆ, ನಾಚಿಕೆಪಡ್ತಾಳೆ, ಮುಂದಿನ ಕಂತಿನಲ್ಲಿ ಮತ್ತೆ ಅದೇ ಗಂಟಲು. ಅವಳ ಬಗ್ಗೆ ನಗು ಬರುತ್ತೆ. ಆದರೆ ಆ ನಗು ಅವಳ ಹಟದ ಮೇಲೆ. ಹೆಂಗಸಾಗಿ ಹಿಂಗ್ಯಾಕೆ ಅನ್ನೋ ನಗು ಕಮ್ಮಿ. ಕೆಲಸದಲ್ಲಿ ಅವಳು ಗಟ್ಟಿ. ಅದಕ್ಕೇ ಮಿಕ್ಕವರು ತಡ್ಕೋತಾರೆ. ಸೆಕ್ರೆಟರಿಗಳು ಮಾತ್ರ ತಡ್ಕೊಳ್ಳೋದಿಲ್ಲ. ಒಬ್ಬರು ಹೋದರೆ ಇನ್ನೊಬ್ಬರು, ಹತ್ತು ವರ್ಷದಲ್ಲಿ ತೊಂಬತ್ತು ದಾಟಿದರಂತೆ. ಈ ತಮಾಷೆ ಹತ್ತನೇ ಕಂತಿಗೇ ನನಗೆ ಸಾಕಾಯ್ತು.

ಮರ್ಫಿ ಪಾತ್ರ ಮಾಡಿದವರು ಕ್ಯಾಂಡಿಸ್ ಬರ್ಗೆನ್. ಇದಕ್ಕೆ ಐದು ಎಮ್ಮಿ ಬಂತು, ಅಮೆರಿಕದ ಟೀವಿಯವರಿಗೆ ಕೊಡುವ ದೊಡ್ಡ ಪ್ರಶಸ್ತಿ. ಐದನೆಯದಾದ ಮೇಲೆ ಇನ್ನು ನನ್ನ ಹೆಸರು ಬೇಡ ಅಂದುಬಿಟ್ಟರು. ಅವರ ಅಪ್ಪ ಎಡ್ಗರ್ ಬರ್ಗೆನ್, ಗೊಂಬೆಯೇ ಮಾತಾಡುತ್ತಿದೆ ಅನ್ನಿಸುವಂತೆ ಅದಕ್ಕೆ ದನಿ ಕೊಡುತ್ತಿದ್ದ ಕಲಾವಿದ. ಅದನ್ನು ತಿಳಿದ ಮೇಲೆ ನನಗೆ ನಮ್ಮ ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆ ನೆನಪಾಯಿತು. ಪರದೆ ಹಿಂದೆ ಕೂತು ಯಾವ ಗೊಂಬೆ ಯಾವಾಗ ಬಾಯಿ ಮುಚ್ಚಬೇಕು ಅಂತ ಬಲ್ಲವರಾಗಿದ್ದರು. ಎಡ್ಗರ್ ಮಗಳಿಗೂ ಆ ಲೆಕ್ಕ ಗೊತ್ತು. ಮೈಲ್ಸ್ ಉದ್ದಕ್ಕೆ ಏನೋ ಹೇಳ್ತಾ ಇರ್ತಾನೆ, ಮರ್ಫಿ ಸುಮ್ನೆ ನೋಡ್ತಾಳೆ. ಒಂದು, ಎರಡು, ಮೂರು. ಅವನ ಮಾತು ತಾನಾಗೇ ಸಣ್ಣಗಾಗುತ್ತೆ. ಆಮೇಲೆ ಒಂದೇ ಪದ ಬಿಡ್ತಾಳೆ. ಎದುರಿಗೆ ಜನ ಕೂತಿದ್ದಾಗ ಮಾಡಿದ ಚಿತ್ರೀಕರಣವಂತೆ. ರಾಘವ ಕಲಾಮಂದಿರದಲ್ಲಿ ನಾಟಕ ನೋಡಿದವರಿಗೆ ಆ ನಗುವಿನ ತೆರೆ ಗೊತ್ತಿರುತ್ತೆ, ನಟಿ ಅದು ಇಳಿಯೋವರೆಗೆ ಕಾಯ್ತಾಳೆ.

ಕಾರ್ಕಿಯ ವಿಷಯ ಬೇರೆ. ಮೊದಮೊದಲು ಅವಳನ್ನು ಪೆದ್ದಿ ಅಂತ ತೋರಿಸಿ ನಗಿಸ್ತಾರೆ. ನನಗೆ ನಗು ಬರಲಿಲ್ಲ. ಯಾಕಂದರೆ ನಾನು ಮನಸ್ಸಿನಲ್ಲಿ ಮರ್ಫಿ, ಕಚೇರಿಯಲ್ಲಿ ಕಾರ್ಕಿ ಆಗಿದ್ದೆ. 1999ರ ಸೆಪ್ಟೆಂಬರಿನಲ್ಲಿ ನಮ್ಮೂರಿಗೆ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತಾಗ ದೇಶದ ಪತ್ರಕರ್ತರೆಲ್ಲ ಬಳ್ಳಾರಿಗೆ ಬಂದಿದ್ದರು. ನನಗೆ ಕೊಟ್ಟ ಕೆಲಸ ಏನು ಗೊತ್ತಾ? "ಸುಷ್ಮಾ ಅವ್ರ ಸೀರಿ, ಬಳಿ, ಕುಂಕುಮ ನೋಡ್ಕೊಂಡು ಬಾರವಾ. ಭಾಷಣ ನಮ್ಮ ಹುಡುಗ್ರು ಬರೀತಾರ." ಹೋದೆ. ಆಯಮ್ಮ ಕನ್ನಡದಲ್ಲಿ ಮಾತಾಡಿದ್ದು, ಜನ ಕೇಕೆ ಹಾಕಿದ್ದು ಬರೆದೆ. ಕೌಲ್‌ಬಜಾರಿನ ಹೆಂಗಸರು ಕೊಡ ಇಟ್ಟುಕೊಂಡು ನಲ್ಲಿ ಮುಂದೆ ಕೂತೇ ಭಾಷಣ ಕೇಳಿದ್ದನ್ನೂ ಬರೆದೆ. ಅಚ್ಚಾದದ್ದು ಸೀರೆಯ ಬಣ್ಣ. ಮರ್ಫಿಯಾಗಿದ್ದರೆ ಏನು ಮಾಡ್ತಿದ್ದಳು ಅಂತ ಈಗ ಯೋಚಿಸ್ತೀನಿ. ನಾನು ಮಾಡಿದ್ದು ಇಷ್ಟೇ, ಹೊರಗೆ ಹೋಗಿ ಒಂದು ಪ್ಲೇಟು ವಗ್ಗರಣಿ, ಎರಡು ಮಿರ್ಚಿ ತಿಂದು ಬಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಅಂತ ಹೇಳೋದಕ್ಕೆ ಅನುಕೂಲ.

ಸೀಸನ್ನು ಮುಂದೆ ಹೋದ ಹಾಗೆ ಕಾರ್ಕಿಗೂ ಬೆನ್ನುಮೂಳೆ ಬರುತ್ತೆ, ಆಗ ಕಂತುಗಳೂ ರುಚಿಯಾಗ್ತವೆ. ಇನ್ನು ಎಲ್ಡಿನ್ ಅಂತ ಒಬ್ಬ ಇದ್ದಾನೆ. ಮರ್ಫಿಯ ಮನೆಗೆ ಬಣ್ಣ ಬಳಿಯಲು ಬಂದವನು, ವರ್ಷಗಟ್ಟಲೆ ಹೋಗೋದೇ ಇಲ್ಲ. ಇದನ್ನು ಅಮೆರಿಕದವರು ಅತಿಶಯೋಕ್ತಿ ಅಂದುಕೊಂಡು ನಕ್ಕಿರಬಹುದು. ಬಳ್ಳಾರಿಯಲ್ಲಿ ಮನೆ ಕಟ್ಟಿಸಿದ ಯಾರಿಗೂ ಅತಿ ಅನ್ನಿಸೋದಿಲ್ಲ.

ನಮ್ಮತ್ತೆಗೆ ಎಂಬತ್ತೆರಡು. ಇಂಗ್ಲಿಷ್ ಒಂದಕ್ಷರ ಬಾರದು. ಮಧ್ಯಾಹ್ನ ಕರೆಂಟು ಇದ್ದರೆ ಪಕ್ಕದಲ್ಲಿ ಕೂತು ನೋಡ್ತಾರೆ.

"ಆಕಿ ಯಾರಿಗವ್ವಾ ಬೈಯಾಕತ್ತಾಳ?"

"ಅವಳ ಮೇಲಿನ ಸಾಹೇಬಗರೀ."

"ಆ ಸಣ್ಣ ಹುಡುಗ ಸಾಹೇಬ?"

"ಹ್ಞೂಂ ರೀ."

"ಹಂಗಾದ್ರ ಬೈಲಿ ಬಿಡು."

ಕೊರತೆಗಳೂ ಇವೆ. ಆ ಕಾಲದ ಅಮೆರಿಕದ ರಾಜಕಾರಣಿಗಳ ಹೆಸರು ಮಾತಿಗೊಂದು ಬೀಳುತ್ತೆ. ಜನ ನಗ್ತಾರೆ, ನಾನು ಕಣ್ಣು ಪಿಳಿಪಿಳಿ ಬಿಡ್ತೀನಿ. ಮಾತು ಬಲು ಬಿರುಸು, ಎಷ್ಟೋ ಕಡೆ ಹಿಂದಕ್ಕೆ ತಿರುಗಿಸಿ ಕೇಳಬೇಕಾಯ್ತು. ಐದೇ ದಿನ ಬಾಳಿದ ಮದುವೆಯ ಹಳೇ ಗಂಡ ಜೇಕ್ ಬಂದಾಗೆಲ್ಲ ಕತೆ ಜೋಲುತ್ತೆ. ಎಲ್ಲಕ್ಕಿಂತ ದೊಡ್ಡ ಬೇಸರ ಏನಂದರೆ, ಡಿವಿಡಿಯಲ್ಲಿ ಬಂದದ್ದು ಈ ಮೊದಲ ಸೀಸನ್ ಒಂದೇ, 2005ರಲ್ಲಿ. ಮರ್ಫಿಗೆ ಮೋಟೌನ್ ಅನ್ನೋ ಅಮೆರಿಕದ ರೆಕಾರ್ಡ್ ಕಂಪನಿಯ ಹಳೇ ಹಾಡಿನ ಹುಚ್ಚು, ಕಂತುಗಳ ತುಂಬ ಆ ಹಾಡುಗಳು. ಅವುಗಳ ಹಕ್ಕಿಗೆ ದುಡ್ಡು ಸುರಿಯಬೇಕಾಗುತ್ತೆ ಅಂತ ಮುಂದಿನ ಸೀಸನ್‌ಗಳು ನಿಂತುಹೋದವು.

ಹಾಗಾಗಿ ನಾನು ಬುಟ್ಟಿಗೆ ಹಾಕಿದ ಆ ಸುದ್ದಿಯ ಕಂತು ಈ ಸೆಟ್ಟಿನಲ್ಲಿಲ್ಲ. ಓದಿ ತಿಳಿದದ್ದು ಇಷ್ಟು. ಮರ್ಫಿಗೆ ಮಗು ಹುಟ್ಟಿದ ಕಂತು ಬಂದದ್ದು 1992ರ ಮೇ 18ಕ್ಕೆ, ಕ್ವೇಲ್ ಭಾಷಣ ಮಾರನೇ ದಿನ. ತಂದೆಯರ ಮಹತ್ವವನ್ನು ಅವಳು ಲೇವಡಿ ಮಾಡಿದಳು ಅಂತ ಅವರ ದೂರು. ಜೂನಿನಲ್ಲಿ ಅದೇ ಕ್ವೇಲ್ ಶಾಲೆಯೊಂದರಲ್ಲಿ ಹುಡುಗ ಸರಿಯಾಗಿ ಬರೆದ 'ಪೊಟ್ಯಾಟೊ' ಕೊನೆಗೆ ಇಲ್ಲದ ಒಂದು 'ಇ' ಸೇರಿಸಿ ಸಿಕ್ಕಿಬಿದ್ದರು. ಸೆಪ್ಟೆಂಬರಿನಲ್ಲಿ ಧಾರಾವಾಹಿಯಲ್ಲೇ ಮರ್ಫಿ ಉತ್ತರ ಕೊಟ್ಟಳು. ಮೊದಲು ತನ್ನ ಕಾರ್ಯಕ್ರಮಕ್ಕೆ ಒಂಟಿ ತಾಯಿ ತಂದೆಯರ ನಿಜವಾದ ಕುಟುಂಬಗಳನ್ನು ಕರೆಸಿ ಕೂರಿಸಿದಳು. ಆಮೇಲೆ ಉಪಾಧ್ಯಕ್ಷರ ಮನೆ ಮುಂದೆ ಒಂದು ಲಾರಿ ಆಲೂಗಡ್ಡೆ ಸುರಿಸಿದಳು. ಅತ್ತೆಗೆ ಇದನ್ನು ಹೇಳಿದರೆ ಅವರು ಕೇಳಿದ್ದು, "ಆಲೂಗಡ್ಡಿ ಆಮ್ಯಾಲ ಯಾರು ತಗೊಂಡ್ರವಾ?"

ಹಳೇ ಇಂಗ್ಲಿಷ್ ಹಾಸ್ಯ ಧಾರಾವಾಹಿ ಇಷ್ಟಪಡೋರು, ಅದಕ್ಕಿಂತ ಜಾಸ್ತಿ ಸುದ್ದಿಮನೆಯಲ್ಲಿ ಕೆಲಸ ಮಾಡಿದೋರು ಸಿಕ್ಕರೆ ಬಿಡಬೇಡಿ. ಮೂರು ಕಂತು ನೋಡಿ, ಆಮೇಲೆ ತೀರ್ಮಾನ ಮಾಡಿ. ಮೊದಲನೆಯದೇ ನನಗೆ ಹಿಡಿಸಿತ್ತು, ಎರಡು ಮೂರರಲ್ಲಿ ತೂಕಡಿಸಿದರೂ ಬಿಡಲಿಲ್ಲ.

ನನ್ನ ಸೆಟ್ ಕೇಳಬೇಡಿ. ಕೊನೇ ಡಿಸ್ಕನ್ನು ನಮ್ಮ ಓಣಿಯ ಹುಡುಗಿ ಒಯ್ದಿದ್ದಾಳೆ, ಟೀವಿ ಚಾನಲ್ಲಿನಲ್ಲಿ ವರದಿಗಾರ್ತಿ. ಎರಡು ದಿನ ಅಂದಿದ್ದಳು. ಮೂರು ವಾರ ಆಯ್ತು. ಫೋನ್ ಮಾಡಿದರೆ ಲೈವ್‌ನಲ್ಲಿದೀನಿ ಅಕ್ಕಾ ಅಂತಾಳೆ.