ಮದುವೆ ಮಂಟಪದ ಗೇಟಿನ ಮುಂದೆ ಸ್ಪೋರ್ಟ್ಸ್ ಕಾರು ನಿಲ್ಲಿಸುವ ಮುಂಚೆ ಇದನ್ನು ಓದಿ

ಬಳ್ಳಾರಿ, ಹೊಸಪೇಟೆ, ಗಂಗಾವತಿ ಕಡೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಕಡಿಮೆ, ಆದರೆ ಇದ್ದಾರೆ. ಅವರಿಗೋಸ್ಕರ ಬರೆಯುತ್ತಿದ್ದೇನೆ. ಕಲ್ಯಾಣ ಮಂಟಪದ ಗೇಟಿನ ಮುಂದೆ ಕಾರು ನಿಲ್ಲಿಸಬೇಡಿ. ವಾಚ್‌ಮನ್ "ನಾನ್ ನೋಡ್ಕೊಂತೀನಿ ಬಿಡ್ರೀ ಸಾರ್" ಅಂದರೂ ನಿಲ್ಲಿಸಬೇಡಿ. ಹಾಗೆ ಅಂದರಂತೂ ನಿಲ್ಲಿಸಲೇಬೇಡಿ.

ನನ್ನದು ಕೆಂಪು ಮಸ್ಟ್ಯಾಂಗ್ ಜಿಟಿ, ಸೆಕೆಂಡ್ ಹ್ಯಾಂಡ್. 2016ರಲ್ಲಿ ಫೋರ್ಡ್ ಇದನ್ನು ಇಂಡಿಯಾಕ್ಕೆ ತಂದಾಗ ಶೋರೂಮ್ ಬೆಲೆ 65 ಲಕ್ಷ ಇತ್ತು. ಐದು ಲೀಟರ್ ವಿ8 ಇಂಜಿನ್, ಸ್ಟಾರ್ಟ್ ಮಾಡಿದರೆ ಪಕ್ಕದ ಬೀದಿಯವರಿಗೂ ಗೊತ್ತಾಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಅದಿರು ಗಣಿಗಾರಿಕೆ ನಿಲ್ಲಿಸುವ ಮುಂಚೆ ನಮ್ಮೂರಿನ ಜನ ಇಂಥ ಕಾರುಗಳನ್ನು ಬೇಕಾದಷ್ಟು ನೋಡಿದ್ದಾರೆ. ಅದಕ್ಕೇ ಇವತ್ತಿಗೂ ದೊಡ್ಡ ಕಾರು ಕಂಡರೆ "ಗಣಿ ದುಡ್ಡು" ಅಂತಲೇ ಮಾತು. ನಾನು ಜೀನ್ಸ್ ಹೊಲಿಸುವ ವ್ಯಾಪಾರದವನು ಮಾರಾಯ್ರೆ, ನನ್ನ ಹತ್ತಿರ ಯಾವ ಗಣಿಯೂ ಇಲ್ಲ.

ಅವತ್ತು ಚಿಕ್ಕಪ್ಪನ ಮಗಳ ಮದುವೆ. ಮಂಟಪದ ಹೆಸರು ಬೇಡ. ಕಾರನ್ನು ಹಿಂದಿನ ಗೋಡೆ ಪಕ್ಕ ಹಾಕಲು ಹೊರಟಿದ್ದೆ. ಮಂಟಪದವರೇ ತಡೆದು, ಹೂವಿನ ಕಮಾನಿನ ಹತ್ತಿರ ಹಾಕಿ, ಚೆನ್ನಾಗಿ ಕಾಣುತ್ತದೆ ಅಂದರು. ಹಿಂದಕ್ಕೆ ಹೋಗಬೇಕಾದರೆ ಒಂದು ದೊಡ್ಡ ಹಂಪ್ ಬೇರೆ ದಾಟಬೇಕಿತ್ತು. ಈ ಕಾರಿಗೂ ನೆಲಕ್ಕೂ ಮಧ್ಯೆ ಇರುವುದೇ ಸುಮಾರು 137 ಮಿಲಿಮೀಟರ್, ಹೊಟ್ಟೆ ಉಜ್ಜುವುದು ಗ್ಯಾರಂಟಿ. ಹಾಗಾಗಿ ಅಲ್ಲೇ ನಿಂತಿತು.

ಊಟ ಮುಗಿಸಿ ಬಂದಾಗ ಮುಂದಿನ ಗ್ರಿಲ್‌ನಲ್ಲಿ ಮಸ್ಟ್ಯಾಂಗ್‌ನ ಗುರುತಾದ ಕುದುರೆ ಲಾಂಛನ ಇರಲಿಲ್ಲ. ಯಾರೋ ಮೀಟಿ ಕಿತ್ತಿದ್ದರು. ಎಡಗಡೆ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಒಂದೇ ಎತ್ತರದಲ್ಲಿ ಉದ್ದ ಗೀರು. ಬಾನೆಟ್ ನಡುವೆ ತಗ್ಗು. ಮೈ ತುಂಬಾ ಬಿಸಿಲಿಗೆ ಜೇಡರ ಬಲೆ ಥರ ಕಾಣುವ ಸಣ್ಣ ಗೀರುಗಳು. ಇದು ಯಾಕೆ ಅಂತ ಕೇಳಿದರೆ ವಾಚ್‌ಮನ್ ಖುಷಿಯಿಂದ ಹೇಳಿದ: "ಧೂಳಾಗಿತ್ರೀ, ನಾನೇ ಟವೆಲ್‌ನಾಗ ಒರೆಸೀನಿ." ನಮ್ಮ ಕಡೆಯ ಧೂಳು ಗೊತ್ತಲ್ವಾ, ಅದರಲ್ಲಿ ಮಣ್ಣಷ್ಟೇ ಅಲ್ಲ, ಅದಿರಿನ ಪುಡಿ, ಮರಳು ಎಲ್ಲ ಇರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಮರಳು ಕಾಗದ ಹಾಕಿ ತಿಕ್ಕಿದ ಹಾಗೇ. ಅವನಿಗೆ ಬೈಯಲೂ ಮನಸ್ಸಾಗಲಿಲ್ಲ, ಟಿಪ್ಸ್ ಸಿಗುತ್ತದೆ ಅಂತ ಮಾಡಿದ್ದು.

ಬಾನೆಟ್ ಕಥೆ ರಾತ್ರಿ ಗೊತ್ತಾಯಿತು. ಒಂದು ರೀಲ್ ಬಂತು. ಒಬ್ಬ ಹುಡುಗ ಓಡಿ ಬಂದು ಬಾನೆಟ್ ಮೇಲೆ ಹಾರಿ ಕೂರುತ್ತಾನೆ, ಆಮೇಲೆ ಅವನ ಗೆಳೆಯನೂ ಹತ್ತುತ್ತಾನೆ, ಹಿಂದೆ ಹಾಡು, ಸ್ಲೋ ಮೋಷನ್. ಇಬ್ಬರದೂ ಜೀನ್ಸ್, ಹಿಂದಿನ ಜೇಬಿಗೆ ಲೋಹದ ರಿವೆಟ್. ಆ ರಿವೆಟ್ ಏನು ಮಾಡುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಈ ಕಾರಿನ ಬಾನೆಟ್, ಮುಂದಿನ ಫೆಂಡರ್ (ಚಕ್ರದ ಮೇಲಿನ ತಗಡು) ಎರಡೂ ಅಲ್ಯೂಮಿನಿಯಂ. ಉಕ್ಕಿನ ತಗಡನ್ನು ಎಳೆದು ಸರಿ ಮಾಡುವ ಹಾಗೆ ಇದನ್ನು ಮಾಡಲು ಆಗುವುದಿಲ್ಲ, ಮಾಮೂಲಿ ಟಿಂಕರಿಂಗ್ ಅಂಗಡಿಯವರು ಬಡಿದರೆ ಇನ್ನೂ ಹಾಳು. ಅಲ್ಯೂಮಿನಿಯಂ ಕೆಲಸ ಗೊತ್ತಿರುವವರೇ ಬೇಕು, ನಾನು ಬೆಂಗಳೂರಿಗೆ ಕಳಿಸಿದೆ.

ಹುಡುಗ ಯಾರು ಅಂದರೆ ಬೀಗರ ಕಡೆಯವನು. ಮುಗಿಯಿತಲ್ಲ! ಚಿಕ್ಕಪ್ಪ ಮನೆಗೇ ಬಂದರು. "ಬಿಡಪ್ಪಾ, ನಾಳೆ ಹುಡುಗಿ ಆ ಮನಿಯಾಗ ಬಾಳ್ವೆ ಮಾಡ್ಬೇಕಲ್ಲ" ಅಂದರು. ಇದಕ್ಕೆ ಏನು ಉತ್ತರ ಕೊಡುವುದು? ಹುಡುಗನ ಅಪ್ಪ ಫೋನ್ ಮಾಡಿ ಕ್ಷಮೆ ಕೇಳಿದರು, ಖರ್ಚಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸ್ಪೋರ್ಟ್ಸ್ ಕಾರಿನ ಬಗ್ಗೆ ಎಲ್ಲರೂ ಹೊಟ್ಟೆಕಿಚ್ಚಿನವರಿಗೆ ಹೆದರುತ್ತಾರೆ. ನನ್ನ ಪ್ರಕಾರ ಕೀ ಹಿಡಿದು ಗೀಚುವವನು ಒಬ್ಬನಿದ್ದರೆ, ಪ್ರೀತಿಯಿಂದ ಹಾಳು ಮಾಡುವವರು ನೂರು ಜನ. ಒರಗುತ್ತಾರೆ, ಮಗುವನ್ನು ಕೂರಿಸುತ್ತಾರೆ, ಬಳೆ ತಾಗಿಸುತ್ತಾರೆ, "ಮೈಲೇಜ್ ಎಷ್ಟು ಕೊಡ್ತೈತ್ರೀ" ಅಂತ ಕೇಳುತ್ತಾ ಛಾವಣಿ ಮೇಲೆ ಟಪಟಪ ಬಡಿಯುತ್ತಾರೆ. ಅವರಿಗೆ ಕೆಟ್ಟ ಉದ್ದೇಶ ಇಲ್ಲ, ಅದಕ್ಕೇ ಬೈಯಲೂ ಆಗುವುದಿಲ್ಲ.

ಗೀರು ಹಾಕಿದವನು, ಕುದುರೆ ಕದ್ದವನು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಮಂಟಪದಲ್ಲಿ ಸಿಸಿಟಿವಿ ಇದೆ, ಆದರೆ ಕ್ಯಾಮೆರಾ ಗೇಟಿನಿಂದ ಒಳಗೆ ಬರುವವರ ಮುಖ ನೋಡುತ್ತದೆ, ಕಾರು ಅರ್ಧ ಮಾತ್ರ ಕಾಣುತ್ತದೆ. ಅದನ್ನಾದರೂ ಕೊಡಿ ಅಂದರೆ ಮ್ಯಾನೇಜರ್ ಇಲ್ಲ, ಪಾಸ್‌ವರ್ಡ್ ಗೊತ್ತಿಲ್ಲ, ನಾಳೆ ಬನ್ನಿ. ಹೀಗೆ ನಾಳೆ ನಾಳೆ ಅನ್ನುವಷ್ಟರಲ್ಲಿ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಕೂತಿತ್ತು. ನಿಮಗೆ ಹೀಗಾದರೆ ಅವತ್ತೇ, ಅಲ್ಲೇ ನಿಂತು ಕೇಳಿ. ಸಾಧ್ಯವಾದರೆ ಬರೆದು ಕೊಟ್ಟು ಸಹಿ ಹಾಕಿಸಿಕೊಳ್ಳಿ. ವಿಡಿಯೊ ಕೋರ್ಟಿನಲ್ಲಿ ನಿಲ್ಲಬೇಕಾದರೆ ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಬೇಕು, ಮೊಬೈಲ್‌ನಲ್ಲಿ ಪರದೆಯ ಫೋಟೋ ಹೊಡೆದುಕೊಂಡರೆ ಸಾಲದು.

ಠಾಣೆಯಲ್ಲಿ ಮೊದಲು "ಗೀರಿಗೆಲ್ಲ ಕೇಸಾ" ಅಂದರು. ಬರಿಗೈಯಲ್ಲಿ ಹೋದರೆ ಹಾಗೇ. ಪೇಂಟಿಂಗ್ ಅಂಗಡಿಯ ಎಸ್ಟಿಮೇಟ್ ಕಾಗದದ ಮೇಲೆ ತೆಗೆದುಕೊಂಡು ಹೋದ ಮೇಲೆ ಮಾತು ಬದಲಾಯಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂನಲ್ಲಿ ನಷ್ಟ ಎಷ್ಟು ಅನ್ನುವುದರ ಮೇಲೆ ಶಿಕ್ಷೆ ಇದೆ. ಬೇಕಂತಲೇ ಮಾಡಿದ ನಷ್ಟ 20 ಸಾವಿರದಿಂದ ಒಂದು ಲಕ್ಷದೊಳಗೆ ಇದ್ದರೆ ಎರಡು ವರ್ಷದವರೆಗೆ, ಒಂದು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಐದು ವರ್ಷದವರೆಗೆ. ಅದಕ್ಕೇ ಎಸ್ಟಿಮೇಟ್ ಮುಖ್ಯ. ಕುದುರೆ ಕಿತ್ತದ್ದು ಕಳ್ಳತನ, ಅದನ್ನು ಬೇರೆಯಾಗಿಯೇ ಬರೆಸಿ.

ರೀಲ್‌ನ ಇನ್ನೊಂದು ಕಾಟ ಆಮೇಲೆ ಶುರುವಾಯಿತು. ಅದರಲ್ಲಿ ನಂಬರ್ ಪ್ಲೇಟ್ ಕಾಣುತ್ತಿತ್ತು, ಕೆಳಗೆ ಯಾರೋ ನಮ್ಮ ಏರಿಯಾ ಹೆಸರು ಬರೆದಿದ್ದ. ಸಂಜೆ ಆದರೆ ಬೈಕ್ ಹುಡುಗರು ಮನೆ ಮುಂದೆ. "ಅಣ್ಣಾ, ಒಮ್ಮೆ ಸೌಂಡ್ ಮಾಡ್ರೀ." ಒಬ್ಬ ಮಹಾಶಯ ಡಿಕ್ಕಿ ಮೇಲಿನ ಧೂಳಿನಲ್ಲಿ ಬೆರಳಿನಿಂದ ಹುಡುಗಿಯ ಹೆಸರು ಬರೆದು ಹೋದ. ತೊಳೆದ ಮೇಲೂ ಹೆಸರು ಹೋಗಲಿಲ್ಲ, ಪಾಲಿಶ್ ಹಾಕಿಸಬೇಕಾಯಿತು. ಯಾರಾದರೂ ಫೋಟೋ ಕೇಳಿದರೆ ನೀವೇ ನಿಂತು ತೆಗೆಸಿ, ಪ್ಲೇಟ್ ಮತ್ತು ಜಾಗದ ಹೆಸರು ಹಾಕಬೇಡಿ ಅಂತ ಹೇಳಿ. ಮುಖ ಸಿಂಡರಿಸಿ ಓಡಿಸಿದರೆ ನೀವು ಆ ಕಡೆ ಹೋದ ಮೇಲೆ ಏನಾಗುತ್ತದೋ ಗೊತ್ತಿಲ್ಲ.

ಕವರ್ ಹಾಕಿದರೆ ಆಯಿತು ಅನ್ನುವವರಿಗೆ: ಧೂಳಿನ ಕಾರಿನ ಮೇಲೆ ಕವರ್ ಹಾಕಿ ಗಾಳಿಗೆ ಬಿಟ್ಟರೆ ಕವರ್ ತಾನೇ ಉಜ್ಜುತ್ತದೆ. ತೊಳೆದು, ಒಣಗಿಸಿ, ಶೆಡ್ ಒಳಗೆ ಮಾತ್ರ ಹಾಕಿ. ಡ್ಯಾಶ್‌ಕ್ಯಾಮ್, ಅಂದರೆ ಕಾರಿನ ಗಾಜಿನ ಹಿಂದೆ ಹಾಕುವ ಕ್ಯಾಮೆರಾ, ತೆಗೆದುಕೊಳ್ಳುವುದಾದರೆ ಒಳಗೆ ಲಿಥಿಯಂ ಬ್ಯಾಟರಿ ಇರುವುದು ಬೇಡ, ನಮ್ಮ ಬೇಸಿಗೆಯಲ್ಲಿ ಗಾಜಿನ ಹಿಂದೆ ಅದು ಉಬ್ಬುತ್ತದೆ. ಬ್ಯಾಟರಿ ಬದಲು ಕೆಪಾಸಿಟರ್ ಇರುವುದು ಕೇಳಿ. ಕಾರು ನಿಂತಿದ್ದಾಗಲೂ ರೆಕಾರ್ಡ್ ಆಗುವ ಪಾರ್ಕಿಂಗ್ ಮೋಡ್‌ಗೆ ವೈರಿಂಗ್ ಮಾಡಿಸುವಾಗ ವೋಲ್ಟೇಜ್ ಇಳಿದರೆ ತಾನೇ ಆಫ್ ಆಗುವ ಕಿಟ್ ಹಾಕಿಸಿ, ಇಲ್ಲದಿದ್ದರೆ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಪೇಂಟ್ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್ ಮಾರುವವರು "9ಎಚ್, ಗೀರೇ ಬೀಳಲ್ಲ" ಅನ್ನುತ್ತಾರೆ. ಆ 9ಎಚ್ ಅಂದರೆ ಪೆನ್ಸಿಲ್ ಗಡಸುತನದ ಅಳತೆ. ಕಬ್ಬಿಣದ ಕೀಗೂ ಮರಳಿಗೂ ಅದು ಲೆಕ್ಕವೇ ಅಲ್ಲ. ಪಿಪಿಎಫ್, ಅಂದರೆ ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್, ಅದು ಮಾತ್ರ ಕೆಲಸಕ್ಕೆ ಬರುತ್ತದೆ. ನನ್ನ ಬಾನೆಟ್ ಮೇಲೆ ಇತ್ತು, ರಿವೆಟ್ ಗೀರುಗಳೆಲ್ಲ ಫಿಲ್ಮ್‌ನಲ್ಲೇ ನಿಂತವು, ಕೆಳಗಿನ ಪೇಂಟ್‌ಗೆ ಏನೂ ಆಗಲಿಲ್ಲ. ತಗ್ಗನ್ನು ಅದು ತಡೆಯುವುದಿಲ್ಲ, ಅಷ್ಟೇ. ಬಾಗಿಲಿಗೆ ಇರಲಿಲ್ಲ. ಅಲ್ಲಿ ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು, ಪ್ರೈಮರ್ ಕಾಣುತ್ತಿತ್ತು. ಉಗುರು ಸಿಕ್ಕಿಕೊಂಡರೆ ಪಾಲಿಶ್‌ಗೆ ದುಡ್ಡು ಹಾಕಬೇಡಿ, ಪೇಂಟೇ ಮಾಡಿಸಬೇಕು.

ಇನ್ಶೂರೆನ್ಸ್ ವಿಷಯದಲ್ಲಿ ಎರಡು ಮಾತು. ಬೇಕಂತಲೇ ಯಾರಾದರೂ ಹಾಳು ಮಾಡಿದ್ದು ಫುಲ್ ಪಾಲಿಸಿಯಲ್ಲಿ ಬರುತ್ತದೆ, ಬರೀ ಥರ್ಡ್ ಪಾರ್ಟಿಯಲ್ಲಿ ಬರುವುದಿಲ್ಲ. ಜೀರೊ ಡೆಪ್ (ಸವಕಳಿ ಅಂತ ದುಡ್ಡು ಕಡಿತ ಮಾಡದ ಆಡ್-ಆನ್) ಇಲ್ಲದಿದ್ದರೆ ಪೇಂಟ್ ಸಾಮಾನಿನ ಅರ್ಧ ದುಡ್ಡು ನಿಮ್ಮದೇ, ಮೇಲೆ ಕ್ಲೇಮ್ ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಹೋಗುತ್ತದೆ. ಹಾಗಾಗಿ ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ, ಲೆಕ್ಕ ಹಾಕಿ ನೋಡಿ. ನನಗೆ ಡೆಂಟ್, ಪೇಂಟ್ ಎರಡಕ್ಕೂ ದುಡ್ಡು ಬಂತು. ಬಾನೆಟ್ ಸರಿ ಮಾಡಲು ಕಿತ್ತು ಹಾಕಿದ ಪಿಪಿಎಫ್‌ಗೆ ಒಂದು ರೂಪಾಯಿಯೂ ಬರಲಿಲ್ಲ, ಯಾಕೆಂದರೆ ಅದು ಪಾಲಿಸಿಯಲ್ಲಿ ಇರಲಿಲ್ಲ. ನಿಮ್ಮ ಕಾರಿಗೆ ಹಾಕಿಸಿದ್ದರೆ ಬಿಲ್ ಹುಡುಕಿ ಇಟ್ಟುಕೊಳ್ಳಿ, ಮುಂದಿನ ರಿನ್ಯೂವಲ್‌ನಲ್ಲಿ ಅದನ್ನು ಎಕ್ಸ್‌ಟ್ರಾ ಫಿಟ್ಟಿಂಗ್ ಅಂತ ಸೇರಿಸಲು ಆಗುತ್ತದಾ ಅಂತ ಏಜೆಂಟ್‌ಗೆ ಈಗಲೇ ಕೇಳಿ, ಆಗುತ್ತದೆ ಅಂದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ.